ಗೊಡ್ಡು ಸುತ್ತಿನ ಚರಗ

ಅಪ್ಪ ನಡೆದಾಡಿದ್ದು ಮಗಳ ಒಡಲಿನಲ್ಲಿ ಉಳಿದುಕೊಂಡಿರುತ್ತದೆ ಎಂದು ಡಾಕ್ಟರ್ ಶಾಹೀನ್ ಮುಲ್ಲಾ ಹೇಳಿದಾಗ ಮಹಾನಂದಾಗೆ ನಗು ಬಂತು. ನಂಬಿಕೆಯಾಗದೆ ಬಂದ ನಗುವಲ್ಲ, ಸಿಟ್ಟಿನ ನಗು. ಅಪ್ಪ ಚನಮಲ್ಲಪ್ಪ ತನಗೆ ಬಿಟ್ಟುಹೋದದ್ದು ಒಂದು ಮಾಳಿಗೆ ಮನೆ, ಒಂದು ಕೆಟ್ಟ ಹೆಸರು, ಎರಡೇ ಎಂದು ಅವಳು ತಿಳಿದಿದ್ದಳು. ಮೂರನೆಯ ಆಸ್ತಿಯೂ ಒಂದಿದೆ, ಅದು ತನ್ನ ಹೊಟ್ಟೆಯೊಳಗೇ ಇದೆ ಎಂದರೆ ಅಳುವುದೋ ನಗುವುದೋ.

“ನಗಬ್ಯಾಡ್ರಿ ಟೀಚರ್,” ಎಂದರು ಶಾಹೀನ್. “ನಿಮ್ಮ ಕೂಸು ಮೂರು ಸರ್ತೆನೂ ಮೂರನೇ ತಿಂಗಳಿಗೇ ಯಾಕ ನಿಂತು ಹೋತು ಅನ್ನೂದು ಇಲ್ಲೇ ಅದ.”

ಪರದೆಯ ಮೇಲೆ ಚುಕ್ಕೆಗಳಿದ್ದವು, ಸಾಲು ಸಾಲು ಚುಕ್ಕೆ. ಮಹಾನಂದಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಂಕಿ ಅವಳಿಗೆ ಹೊಸದಲ್ಲ. ಆದರೆ ಶಾಹೀನ್ ಅಂಕಿಯ ಗೊಡವೆಗೇ ಹೋಗಲಿಲ್ಲ.

“ರಂಗೋಲಿಗೆ ಮೊದಲ ಚುಕ್ಕಿ ಇಡ್ತೀರಿ, ಆಮ್ಯಾಲೆ ಗೆರಿ ಎಳೀತೀರಿ, ಹೌದಲ್ರಿ? ವಂಶದ ಎಳಿ ಮ್ಯಾಲೂ ಹಿಂಗ ರಸಾಯನದ ಸಣ್ಣ ಚುಕ್ಕಿ ಇರ್ತಾವ. ಯಾವ ಗೆರಿ ಎಲ್ಲಿ ಕೂಡಬೇಕು ಅಂತ ಅವು ಹೇಳ್ತಾವ. ಇಲ್ಲಿನ ತೋಟದಾಗ ನಿಮ್ಮ ತಂದಿಗೆ ಕಿರಣ ಬಡದಾಗ ಅವರ ಬೀಜದೊಳಗ ಒಂದಿಷ್ಟು ಚುಕ್ಕಿ ಜಾಗಾ ಬಿಟ್ಟು ಸರದಾವ. ನಿಮಗೇನೂ ಆಗಿಲ್ಲ, ಕಲ್ಲುಗುಂಡಿನಂಗ ಅದೀರಿ. ಆದ್ರ ನಿಮ್ಮ ಕೂಸು ತನ್ನ ಗೆರಿ ಎಳಕೋತ ಬಂದು, ಆ ಸರದ ಚುಕ್ಕಿ ಹತ್ರ ನಿಂತು ಬಿಡ್ತದ. ಮುಂದ ದಾರಿ ಸಿಗಾಂಗಿಲ್ಲ ಅದಕ್ಕ.”

ದಾರಿ ಸಿಗದೆ ನಿಂತ ಕೂಸು. ಮಹಾನಂದಾ ಆ ಮಾತನ್ನು ಮನಸ್ಸಿನಲ್ಲಿ ಹಿಡಿದು ಕುಳಿತಳು. ಮೂರು ಸಲವೂ ಡಾಕ್ಟರರು ಏನೇನೋ ಹೆಸರು ಹೇಳಿದ್ದರು. ಇಷ್ಟು ಸರಳವಾಗಿ, ಇಷ್ಟು ಹೊಟ್ಟೆ ಉರಿಯುವಂತೆ ಯಾರೂ ಹೇಳಿರಲಿಲ್ಲ.

“ಸರದದ್ದನ್ನ ತಿರುಗಿ ಕೂಡಸಾಕ ಬರ್ತದೇನ್ರಿ?”

“ಬರ್ತದ. ಈಗ ಬರ್ತದ. ಆದ್ರ ಎಲ್ಲಾ ಚುಕ್ಕಿ ಕಿರಣದಿಂದನ ಸರದಿಲ್ಲ. ಕೆಲವು ನಿಮ್ಮಜ್ಜನ ಕಾಲದ ಬರಗಾಲದಾಗ ಸರದಾವ, ಅವನ್ನ ಮುಟ್ಟಬಾರ್ದು. ಮುಟ್ಟಿದ್ರ ಇದ್ದದ್ದೂ ಕೆಡ್ತದ. ಯಾವು ಕಿರಣದ್ದು ಅಂತ ತಿಳೀಬೇಕಾದ್ರ ಅವತ್ತು ಕಿರಣ ನಿಮ್ಮಪ್ಪಾರಿಗೆ ಹೆಂಗ ಬಡೀತು ಅನ್ನೂದು ಗೊತ್ತಾಗಬೇಕು. ಎಷ್ಟು ಹತ್ರ ಹೋಗಿದ್ರು, ಎಷ್ಟು ಹೊತ್ತು ಇದ್ರು, ಎದಿ ಕೊಟ್ಟಿದ್ರೋ ಬೆನ್ನು ಕೊಟ್ಟಿದ್ರೋ.” ಶಾಹೀನ್ ದನಿ ತಗ್ಗಿಸಿದರು. “ಒಂದು ಮಾತು ಮುಚ್ಚಿಡಾಂಗಿಲ್ಲ ನಾ. ನಿಮ್ಮ ಅಂಡಾಣು ಬ್ಯಾರೆ ಹೆಣ್ಣಮಕ್ಕಳಕಿಂತ ಲಗೂನ ಮುಗ್ಯಾಕ ಹತ್ಯಾವ. ತಗದಿಟ್ಟದ್ದರಾಗ ಛಲೋ ಇದ್ದದ್ದು ಒಂದ. ಒಂದು ಸರ್ತೆ ಪ್ರಯತ್ನ ಮಾಡಬಹುದು, ಅಷ್ಟ.”

“ಅಪ್ಪ ಬೆನ್ನು ಕೊಟ್ಟು ಓಡಿದ್ದ,” ಎಂದಳು ಮಹಾನಂದಾ. “ಕುಡದು, ಪಂಥ ಕಟ್ಟಿ, ತಾನಾಗೇ ತೋಟದ ದೀಪ ಏರಸಂತ ಫೋನ್ ಮಾಡಿ ಒಳಗ ಓಡಿದ್ದ. ಊರಿಗೆಲ್ಲಾ ಗೊತ್ತದ.”

ಹಾಗೆ ಹೇಳುವಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಈಗ ಶಾಹೀನ್ ಅವರ ಪ್ರಯೋಗಶಾಲೆಯಾಗಿರುವ ಈ ಕೋಣೆಯೇ ಹಿಂದೆ ಕಂಟ್ರೋಲ್ ರೂಮು. ಇಲ್ಲಿ ಕೂತೇ ಆ ದೀಪವನ್ನು ಏರಿಸಿ ಇಳಿಸಿ ಮಾಡುತ್ತಿದ್ದರು.

ಸಾರಂಗಮಡ್ಡಿಯ ಕಿರಣದ ತೋಟವನ್ನು ಈಗಿನವರು ಕಂಡಿಲ್ಲ. ಡೋಣಿ ಹರಿದರೆ ಓಣೆಲ್ಲ ಜೋಳ ಎನ್ನುವ ಸೀಮೆ ಅದು. ಸರಿಯಪ್ಪಾ, ಡೋಣಿ ಹೊಳೆ ಹರಿಯದ ವರ್ಷ ಏನು ತಿನ್ನುವುದು? ಅದಕ್ಕೇ ಆ ತೋಟ ಎದ್ದಿತು. ಕಪ್ಪು ಮಣ್ಣಿನ ನಡುವೆ ದುಂಡಗೆ ಒಂದು ದೊಡ್ಡ ಹೊಲ, ಸುತ್ತ ಎತ್ತರದ ಗೋಡೆ, ನಟ್ಟನಡುವೆ ಒಂದು ಕಬ್ಬಿಣದ ಕಂಬ. ಕಂಬದ ಬುಡದ ಸೀಸದ ಬಾವಿಯಲ್ಲಿ ಕೋಬಾಲ್ಟಿನ ತುಣುಕು ಮಲಗಿರುತ್ತಿತ್ತು. ಆಳುಗಳೆಲ್ಲ ಹೊರಬಿದ್ದ ಮೇಲೆ ಅದನ್ನು ಸರಪಳಿಯಿಂದ ಮೇಲಕ್ಕೆತ್ತುತ್ತಿದ್ದರು. ಕಣ್ಣಿಗೆ ಕಾಣದ ಅದರ ಕಿರಣ ಬಿದ್ದ ಜೋಳದ ಗುಣ ಬದಲಾಗಿ, ಯಾವುದಾದರೂ ಒಂದು ತೆನೆ ಮಳೆಯನ್ನೇ ಕೇಳದ ತೆನೆಯಾದೀತು ಎಂಬ ಆಸೆ. ಬೆಳಕು ಕಾಣದಿದ್ದರೂ ಆಳುಗಳು ಅದನ್ನು ದೀಪ ಎಂದೇ ಕರೆದರು. ಹೊರಗಿನ ಸುತ್ತುಗಳಲ್ಲಿ ಜೋಳ ಆಳೆತ್ತರ ಬೆಳೆಯುತ್ತಿತ್ತು. ನಡುವಿನವು ಒಂದೊಂದೂ ಒಂದೊಂದು ಥರ. ದೀಪಕ್ಕೆ ತೀರ ಹತ್ತಿರದ ಸುತ್ತಿನಲ್ಲಿ ಮೊಣಕಾಲೆತ್ತರದ ಗಿಡ. ತೆನೆ ಒಳಗೇ ತುಂಬಿ ಹೊಡೆಯಾಗುತ್ತಿತ್ತು, ತೆನೆ ಹಿರಿಯುತ್ತಿತ್ತು, ಒಂದು ಕಾಳು ಕಟ್ಟುತ್ತಿರಲಿಲ್ಲ. ಅದಕ್ಕೆ ಗೊಡ್ಡು ಸುತ್ತು ಎಂದು ಹೆಸರು.

ಚನಮಲ್ಲಪ್ಪ ಆ ತೋಟದ ಆಳುಗಳ ಮೇಸ್ತ್ರಿ. ಒಂದು ಎಳ್ಳಮಾವಾಸ್ಯೆಯ ದಿನ, ತೋಟಕ್ಕೆಲ್ಲ ಸೂಟಿ ಇದ್ದಾಗ, ಉರಿಯುವ ದೀಪದ ಸುತ್ತಿಗೆ ಹೋಗಿಬಂದ. ವಾಂತಿಯಾಯಿತು, ತಲೆಗೂದಲು ಉದುರಿತು, ಸತ್ತೇ ಹೋದ ಎಂದರು, ಬದುಕಿದ. ಕೆಲಸ ಹೋಯಿತು. ಅದಾಗಿ ತಿಂಗಳೊಪ್ಪತ್ತಿನಲ್ಲಿ ಮಹಾನಂದಾ ತಾಯಿಯ ಹೊಟ್ಟೆಯಲ್ಲಿ ನಿಂತಳು. ಆಮೇಲೆ ಅವನಿಗೆ ಮಕ್ಕಳಾಗಲಿಲ್ಲ. ಊರ ಬಾಯಿಗೆ ಬೀಗ ಉಂಟೇ? ಕುಡಿದಿದ್ದ ಎಂದರು, ಪಂಥ ಕಟ್ಟಿದ್ದ ಎಂದರು. ಅವನು ಇದ್ದಷ್ಟು ದಿನ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮೂರನೆಯ ಕೂಸೂ ಹೋದ ದಿನ ಮಹಾನಂದಾ ಗೋಡೆಯ ಮೇಲಿದ್ದ ಅಪ್ಪನ ಫೋಟೋ ಇಳಿಸಿ ಟ್ರಂಕಿನಲ್ಲಿಟ್ಟಳು. ತಾಯಿ ಕಾಶೀಬಾಯಿ ನೋಡಿದಳು, ತಡೆಯಲಿಲ್ಲ.

ಸಂಜೆ ಮನೆಗೆ ಬಂದಾಗ ಕಾಶೀಬಾಯಿ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಗಂಡ ರೇವಣಸಿದ್ಧ ಬಸ್ಸಿನ ಕಂಡಕ್ಟರು. ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಚೀಲ ಗೂಟಕ್ಕೆ ಹಾಕುತ್ತಿದ್ದ. ಮಹಾನಂದಾ ಹೇಳಿದ್ದನ್ನೆಲ್ಲ ಕೇಳಿ, “ಅಂದ್ರ ನಮ್ಮ ಕೂಸು ನಡು ದಾರ್ಯಾಗ ಇಳದು ಬಿಡಾಕ ಹತ್ತೇದ,” ಎಂದ. “ಈ ಸರ್ತೆ ಮುಂದಿನ ಸ್ಟಾಪಿನ ತನ ಟಿಕೆಟ್ ಹರದು ಕೊಡೂಣು ತಗೋ.”

ಅವನ ಚೇಷ್ಟೆ ಅಂಥದು. ದುಃಖ ಬಂದಷ್ಟೂ ಚೇಷ್ಟೆ ಹೆಚ್ಚು. ಮಹಾನಂದಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

“ಹುಬ್ಬಳ್ಳಿ ಕಾಕಾ ಫೋನ್ ಮಾಡಿದ್ದ,” ಎಂದಳು ಕಾಶೀಬಾಯಿ. “ನಿನ್ನ ತಬೇತಿ ಕೇಳಿದ.”

ಹುಬ್ಬಳ್ಳಿ ಕಾಕಾ ಎಂದರೆ ಅಪ್ಪನ ಹಳೆಯ ಗೆಳೆಯರು, ವಸಂತ ಅರಳಿಕಟ್ಟಿ. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ತಪ್ಪದೆ ಬಂದು, ಉಂಡು, ಮಾತಿಲ್ಲದೆ ಕೂತು ಹೋಗುವ ಮನುಷ್ಯ. ಅಪ್ಪ ತೀರಿಕೊಂಡ ದಿನ ಮನೆಯವರಿಗಿಂತ ಹೆಚ್ಚು ಅತ್ತವರು ಅವರು.

ಉಂಡಾದ ಮೇಲೆ ಕಾಶೀಬಾಯಿ ಒಳಗಿನಿಂದ, “ನಂದವ್ವಾ, ದೇವರ ದೀಪ ಶಾಂತ ಮಾಡು,” ಎಂದಳು. ಕಾಶೀಬಾಯಿ ಹಳೆಯ ಕಾಲದವಳು. ಬಳೆ ಒಡೆಯಿತು ಎನ್ನಳು, ಹೆಚ್ಚಿತು ಎನ್ನುವಳು. ಹೋಗ್ತೀನಿ ಎಂದವರನ್ನು ತಿರುಗಿ ಕರೆದು ಬರ್ತೀನಿ ಎನಿಸಿ ಕಳಿಸುವಳು. ಅಂಥವಳ ಬಾಯಲ್ಲಿ ದೀಪಕ್ಕೆ ಮಾತ್ರ ಇದೊಂದೇ ಮಾತು: ಶಾಂತ ಮಾಡು. ಮಹಾನಂದಾ ಹೂವಿನಿಂದ ಕುಡಿ ಒತ್ತಿ ದೀಪವನ್ನು ಶಾಂತ ಮಾಡಿದಳು.

ಶಾಹೀನ್ ಅವರ ಯಂತ್ರಕ್ಕೆ ಮರುನಡಿಗೆ ಎಂದು ಹೆಸರು. ನೋಡಲಿಕ್ಕೆ ಕಿವಿಗೆ ಹಾಕಿಕೊಳ್ಳುವ ಒಂದು ಪಟ್ಟಿ, ಸೊಂಟಕ್ಕೆ ಒಂದು ಡಬ್ಬಿ, ಅಷ್ಟೇ. ಅದನ್ನು ಕಟ್ಟಿಕೊಂಡು ಹಳೆಯ ತೋಟದಲ್ಲಿ ನಡೆಯಬೇಕು. ಕೋಬಾಲ್ಟನ್ನು ಎಂದೋ ಒಯ್ದಿದ್ದರು. ಕಂಬವೊಂದು ಬೋಳಾಗಿ ನಿಂತಿತ್ತು, ಭಯವೇನೂ ಇರಲಿಲ್ಲ. ಈಕೆ ನಿಂತಲ್ಲಿ ಅಪ್ಪ ನಿಂತಿದ್ದರೆ ಕಿರಣ ಎಷ್ಟು ತಾಗುತ್ತಿತ್ತು ಎಂದು ಯಂತ್ರ ಲೆಕ್ಕ ಹಾಕಿ, ಅವಳ ಅಂಡಾಣುವಿನ ಚುಕ್ಕೆಗಳಿಗೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಕಿವಿಯಲ್ಲಿ ಜೇನು ಎದ್ದ ಹಾಗೆ ಗುಂಯ್ ಎನ್ನುವ ಗದ್ದಲ. ತಾಳೆಯಾದಷ್ಟೂ ಗದ್ದಲ ಕರಗಿ ಒಂದೇ ಶ್ರುತಿ ಉಳಿಯುತ್ತದೆ.

“ಬ್ಯಾರೆ ಯಾರರ ನಡದ್ರ ನಡ್ಯಾಂಗಿಲ್ಲೇನ್ರಿ?” ಎಂದು ಕೇಳಿದಳು ಮಹಾನಂದಾ.

“ನಡೀತದ. ಆದ್ರ ನಿಮ್ಮ ಎತ್ತರ, ನಿಮ್ಮ ಹೆಜ್ಜಿ ಅವರದ ಅಂತ ನಿಮ್ಮ ತಾಯಿ ಹೇಳ್ಯಾರ. ಹುಟ್ಟಿನಿಂದ ಬಂದ ಹೆಜ್ಜಿ ಬಿಟ್ಟು ಕೂಲಿ ಹೆಜ್ಜಿ ಯಾಕ ತರೂದು?”

ಮೊದಲ ದಿನ ಊರು ಹೇಳಿದ ಹಾಗೆಯೇ ಮಾಡಿದರು. ಮಹಾನಂದಾ ಗೇಟಿನಿಂದ ಕಂಬದವರೆಗೆ ನೆಟ್ಟಗೆ ಓಡಿದಳು, ತಿರುಗಿ ಬೆನ್ನು ಹಾಕಿ ಓಡಿಬಂದಳು. ಕಿವಿಯಲ್ಲಿ ಗದ್ದಲವೋ ಗದ್ದಲ. ಜೋರಾಗಿ ಓಡಿದಳು, ಮೆಲ್ಲಗೆ ಓಡಿದಳು, ಕುಡಿದವರ ಹಾಗೆ ಅಡ್ಡಾದಿಡ್ಡಿ ಹೆಜ್ಜೆ ಹಾಕಿದಳು. ಕಿಟಕಿಯಲ್ಲಿ ಶಾಹೀನ್ ತಲೆ ಅಲ್ಲಾಡಿಸುತ್ತಲೇ ಇದ್ದರು. ಹೀಗೇ ನಾಲ್ಕಾರು ಸಂಜೆ ಕಳೆದವು. ಆ ವರ್ಷ ಶ್ರಾವಣದಲ್ಲಿ ಮಳೆ ತಪ್ಪಿತ್ತು. ತಾನಾಗಿ ಬಿದ್ದು ಎದ್ದ ಕಾಡುಜೋಳ ಸುತ್ತು ಸುತ್ತಾಗಿ ನಿಂತು, ಗಾಳಿಗೆ ಒಂದರ ಕಿವಿಯಲ್ಲಿ ಒಂದು ಏನೋ ಹೇಳಿಕೊಳ್ಳುತ್ತಿತ್ತು.

ಒಂದು ಸಂಜೆ ಮಹಾನಂದಾಗೆ ಸಾಕಾಯಿತು. ಓಡುವುದನ್ನು ಬಿಟ್ಟು ಸುಮ್ಮನೆ ನಿಂತಳು. ಗದ್ದಲ ತುಸು ಇಳಿದಂತಾಯಿತು. ಎಡಕ್ಕೆ ನಡೆದಳು, ಇನ್ನೂ ಇಳಿಯಿತು. ಕಂಬದ ಕಡೆಗಲ್ಲ, ಸುತ್ತಿನ ಗುಂಟ ದುಂಡಗೆ ನಡೆದರೆ ಸದ್ದು ಹಗುರಾ ಹಗುರಾ ತಿಳಿಯಾಗುತ್ತಿತ್ತು. ಅವಳು ಕಣ್ಣು ಅರೆಮುಚ್ಚಿ ಅದರ ಹಿಂದೆ ಹೋದಳು. ಒಂದು ಸುತ್ತು ಮುಗಿಯಿತು, ಒಳಗಿನ ಸುತ್ತಿಗೆ ಸರಿದಳು. ಅಲ್ಲಲ್ಲಿ ನಿಲ್ಲು ಎನ್ನುತ್ತಿತ್ತು ಸದ್ದು, ನಿಂತಳು. ನಡೆ ಎನ್ನುತ್ತಿತ್ತು, ನಡೆದಳು. ತನ್ನ ಕಾಲು ತನ್ನದಲ್ಲ ಎನ್ನಿಸತೊಡಗಿತು. ಸಣ್ಣವಳಿದ್ದಾಗ ಅಪ್ಪನ ಪಾದದ ಮೇಲೆ ಪಾದ ಇಟ್ಟು ಅಂಗಳದಲ್ಲಿ ನಡೆಯುತ್ತಿದ್ದಳು. ಅಪ್ಪ ಅವಳ ಎರಡೂ ಕೈ ಹಿಡಿದು ಆನೆ ಬಂತೊಂದಾನೆ ಎನ್ನುತ್ತಿದ್ದ. ಇಷ್ಟು ವರ್ಷ ಆ ನೆನಪನ್ನು ಎಲ್ಲಿ ಅಡಗಿಸಿಟ್ಟಿದ್ದೆ ಎಂದು ತನ್ನನ್ನೇ ಬೈದುಕೊಂಡಳು.

ಹೊತ್ತು ಮುಳುಗುತ್ತಿತ್ತು. ಗೊಡ್ಡು ಸುತ್ತಿಗೆ ಬಂದಾಗ ಕಾಲು ಸೋತು, ಕಂಬಕ್ಕೆ ಮುಖ ಮಾಡಿ ಮಣ್ಣಿನ ಮೇಲೆ ಕುಳಿತುಬಿಟ್ಟಳು.

ಕುಳಿತದ್ದೇ ತಡ, ಗದ್ದಲ ಪೂರ್ತಿ ನಿಂತಿತು. ಒಂದೇ ಒಂದು ಶ್ರುತಿ, ಏಕತಾರಿಯ ತಂತಿ ಮೀಟಿದಂಥದು, ಕಿವಿಯಲ್ಲಿ ಉಳಿಯಿತು. ಅವಳು ಅಲುಗಾಡಲಿಲ್ಲ. ತನ್ನ ಪಕ್ಕದಲ್ಲಿ, ತನ್ನ ಜಾಗದಲ್ಲೇ, ಯಾರೋ ಮಂಡಿಯ ಮೇಲೆ ಕೈಯಿಟ್ಟು ಕೂತಂತಿತ್ತು. ಹುರಿದ ಎಳ್ಳಿನ ವಾಸನೆ ಬಂದಂತಾಯಿತು. ಬಂದದ್ದು ಹೌದೋ ಅಲ್ಲವೋ, ಅವಳನ್ನು ಕೇಳಿದರೆ ಹೌದೆಂದೇ ಹೇಳುವಳು.

ಅವಳು ಒಳಗೆ ಬಂದಾಗ ಶಾಹೀನ್ ಪರದೆಯ ಮುಂದೆ ನಿಂತೇ ಇದ್ದರು. ಅವಳ ನಡಿಗೆ ಅಲ್ಲಿ ಗೆರೆಯಾಗಿ ಮೂಡಿತ್ತು: ಸುತ್ತಿನೊಳಗೆ ಸುತ್ತು, ಸುತ್ತಿನೊಳಗೆ ಸುತ್ತು.

“ಓಡಿಲ್ಲರಿ ನಿಮ್ಮಪ್ಪ,” ಎಂದರು ಶಾಹೀನ್. “ಸಾವಕಾಶ ಸುತ್ತು ಹಾಕ್ಯಾರ. ಅಲ್ಲಲ್ಲಿ ನಿಂತಾರ. ಕಡೀಕ ದೀಪದ ಮುಂದ ಕೂತಾರ. ದೀಪ ಉರ್ಯಾಕ ಹತ್ತೇದ ಅಂತ ಗೊತ್ತಿದ್ದವರು ಯಾರರ ಅಲ್ಲಿ ಕೂಡ್ತಾರೇನು?”

ಮಹಾನಂದಾ ಆ ಗೆರೆಯನ್ನೇ ನೋಡಿದಳು. ಅದು ಅವಳಿಗೆ ಗುರುತಿನ ದಾರಿ. ವರ್ಷಾ ವರ್ಷಾ ಎಳ್ಳಮಾವಾಸ್ಯೆಗೆ ಹೊಲಗಳಲ್ಲಿ ಅವಳೂ ನಡೆದ ದಾರಿ. ಆ ದಿನ ಜೋಳ ಹೊಡೆಯಾಗಿರುತ್ತದೆ. ಬಸುರಿಗೆ ಬಯಕೆಯೂಟ ಹಾಕಿದ ಹಾಗೆ ಹೊಲಕ್ಕೆ ಸಜ್ಜಿರೊಟ್ಟಿ, ಪುಂಡಿಪಲ್ಲೆ, ಕಡುಬು ಕಲಸಿದ ತುತ್ತನ್ನು ಸುತ್ತಲೂ ಚೆಲ್ಲಿಬರುತ್ತಾರೆ. ಅದೇ ಚರಗ.

“ಚರಗ ಚೆಲ್ಲಾಕ ಹೋಗಿದ್ದ,” ಎಂದಳು. “ಹಂಗಾದ್ರ ದೀಪ ಏರಸು ಅಂತ ಯಾಕ ಅಂದ?”

“ಖರೇನ ಏರಸು ಅಂದಿದ್ರೇನು? ಅವರ ಬಾಯಿಂದ ಬಂದ ಮಾತು ಯಾವುದು, ಕೇಳಿದವರು ಯಾರು?”

ಕೇಳಿದವರು ಒಬ್ಬರು ಮನೆಯಲ್ಲೇ ಇದ್ದರು. ಮೂವತ್ತೈದು ವರ್ಷದಿಂದ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಕಾಶೀಬಾಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಹಾನಂದಾ ಪಕ್ಕದಲ್ಲಿ ಕೂತು, “ಯವ್ವಾ, ಅಪ್ಪ ಅವತ್ತು ಗೊಡ್ಡು ಸುತ್ತಿಗೆ ಚರಗ ಹಾಕಾಕ ಹೋಗಿದ್ನೇನು?” ಎಂದಳು.

ಮೊರ ನಿಂತಿತು. “ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲ. ನನ್ನ ಹೊಟ್ಟಿ ಹೇಳ್ತು.”

ಕಾಶೀಬಾಯಿ ಎರಡು ಕಲ್ಲು ಆರಿಸಿ ಬಿಸಾಡಿದಳು. ಆಮೇಲೆ ಮೊರದಲ್ಲಿದ್ದ ಜೋಳಕ್ಕೇ ಹೇಳುವವಳಂತೆ ಹೇಳಿದಳು.

“ಕಳಿಸಿದಾಕಿ ನಾನ. ಮದುವ್ಯಾಗಿ ಏಳು ವರ್ಷ ಆಗಿತ್ತು, ಹೊಟ್ಟಿ ತುಂಬಿರಲಿಲ್ಲ. ಗೊಡ್ಡಿ ಅಂತ ಮಂದಿ ನನ್ನ ಹಿಂದ ಅಲ್ಲ, ಮುಂದನ ಅಂತಿದ್ರು. ಹೊರಗಿನ ಸುತ್ತಿಗೆಲ್ಲಾ ಆಳು ಮಂದಿ ಮುಂಜಾನೆ, ದೀಪ ಏರಸೂಕಿಂತ ಮೊದಲ, ಚರಗ ಹಾಕಿದ್ರು. ಆ ಒಳಗಿನವಕ್ಕ ಯಾರೂ ಹಾಕಾಂಗಿಲ್ಲ, ಅವು ಕಾಳು ಕಟ್ಟಾಂಗಿಲ್ಲಲ್ಲ. ಅವೂ ಹೊಡಿ ಹಿರದು ಬಸುರಿ ಆದಂಗ ಕಾಣ್ತಾವ, ಪಾಪ. ‘ಅವಕ್ಕೂ ಒಂದು ತುತ್ತು ಹಾಕಿ ಬರ್ರಿ, ಅವು ಹರಸಿದ್ರ ನಮಗೂ ಆದೀತು’ ಅಂದೆ. ನಕ್ಕರು ನಿಮ್ಮಪ್ಪ. ಹೋದ್ರು.”

“ದೀಪ?”

“ಗೇಟಿನ ಫೋನ್ಯಾಗ ಕಂಟ್ರೋಲ್ ರೂಮಿನ ಸಾಹೇಬಗ ಹೇಳಿದ್ರಲ್ಲ. ನಾ ಬಾಜೂಕ ನಿಂತಿದ್ದೆ. ‘ಸಾಹೇಬ್ರ, ದೀಪ ದೊಡ್ಡದು ಮಾಡ್ರಿ, ಚರಗ ಚೆಲ್ಲಿ ಬರ್ತೀನಿ’ ಅಂದ್ರು.”

“ಮತ್ತ ಊರು ಅಂದದ್ದು ಖರೇನ ಆತಲ್ಲ ಯವ್ವಾ. ತಾನಾಗೇ ದೊಡ್ಡದು ಮಾಡಂದ.”

ಕಾಶೀಬಾಯಿ ಮಗಳ ಮುಖ ನೋಡಿದಳು. “ನಿನಗ ಆ ಮಾತು ನಾ ಕಲಿಸಲೇ ಇಲ್ಲ ನೋಡು,” ಎಂದಳು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ರೇವಣಸಿದ್ಧ ಮೆಲ್ಲಗೆ ಹೇಳಿದ: “ನಮ್ಮಜ್ಜಿ ಅಂತಿದ್ಲು. ದೀಪ ಆರಸು ಅನಬಾರ್ದು, ಮನಿ ಬೆಳಕು ಆರಿದಂಗ ಆಗ್ತದ. ದೊಡ್ಡದು ಮಾಡು ಅನಬೇಕು. ದೊಡ್ಡದು ಮಾಡು ಅಂದ್ರ ಆರಸು ಅಂತ.”

ನಮ್ಮ ಜನವೇ ಹಾಗೆ. ಕೆಟ್ಟದ್ದರ ಹೆಸರು ಹಿಡಿದರೆ ಕೆಟ್ಟದ್ದು ಮನೆಗೆ ಬಂದೀತೆಂದು ಅದರ ಉಲ್ಟಾ ಹೆಸರು ಹಿಡಿಯುತ್ತಾರೆ. ಸಾವಿರ ವರ್ಷ ಆ ಮಾತು ಮನೆ ಕಾಯಿತು. ಒಂದು ದಿನ, ಅದನ್ನರಿಯದ ಒಬ್ಬನ ಕಿವಿಗೆ ಬಿತ್ತು.

“ಹೊಸಾದಾಗಿ ಬಂದ ಹುಡುಗ,” ಎಂದಳು ಕಾಶೀಬಾಯಿ. “ಸಣ್ಣಂದಿನಿಂದ ಹಾಸ್ಟೆಲಿನ್ಯಾಗ ಬೆಳದಾವ, ದೇವರ ಮನಿ ದೀಪ ಕಂಡವಲ್ಲ. ಹಬ್ಬದ ದಿನ ಕಡಿಮಿ ಇಟ್ಟದ್ದನ್ನ ಪೂರಾ ಏರಸಾಕ ಹೇಳ್ತಾರ ಅಂತ ತಿಳದ. ಮುಂದಿನ ಮಾತು ಕೇಳೂದ್ರಾಗ ಫೋನ್ ಇಟ್ಟ. ದೀಪ ಏರಿದಾಗ ಹತ್ತೂ ಗೇಟಿನ ಮ್ಯಾಲಿನ ಕೆಂಪು ಲೈಟು ಅವತ್ತು ಬಲ್ಬು ಸುಟ್ಟು ಕಣ್ಣು ಮುಚ್ಚಿತ್ತು. ಇವರು ಆರೇದ ಅಂತ ಹೋಗಿ ಅದರ ಮುಂದ ಕೂತು, ತುತ್ತು ಇಟ್ಟು, ಕೈ ಮುಗದು ಬಂದ್ರು.”

“ವಿಚಾರಣಿ ಆತಲ್ಲ. ಅಲ್ಲಿ ಯಾಕ ಹೇಳಲಿಲ್ಲ?”

“ದೊಡ್ಡ ಊರಿನ ಸಾಹೇಬರು ಬಂದಿದ್ರು. ಆ ಹುಡುಗ ಇವರ ಮಾತು ಇಂಗ್ಲೀಷಿನ್ಯಾಗ ಹೇಳ್ದ. ಅದು ಇಂಗ್ಲೀಷಿಗೆ ಹೋಗಿ ಊರಿಗೆ ತಿರುಗಿ ಬರೂದ್ರಾಗ ಏರಸು ಅಂತ ಆಗಿತ್ತು. ಇವರನ್ನ ಕೇಳಿದ್ರು. ‘ಹೌದ್ರಿ, ದೊಡ್ಡದು ಮಾಡ್ರಿ ಅಂದದ್ದು ಖರೆ’ ಅಂದ್ರು, ಅಷ್ಟ. ಮನಿಗೆ ಬಂದ ಮ್ಯಾಲೆ ನಾ ಹೊಯ್ಕೊಂಡೆ. ಅರ್ಥ ಬಿಡಿಸಿ ಹೇಳಿದ್ರ ನಿಮ್ಮ ನೌಕರಿ ಉಳೀತಿತ್ತು, ಹೆಸರು ಉಳೀತಿತ್ತು ಅಂದೆ. ನಿಮ್ಮಪ್ಪ ಏನಂದ್ರು ಗೊತ್ತದೇನು? ‘ಹೇಳಿದ್ರ ಆ ಹುಡುಗ ಜೇಲಿಗೆ ಹೋಗ್ತಾನ. ನನ್ನ ಮಾತು ನಂಬಿ ಮಾಡ್ಯಾನ. ಅವನ ಮನಿ ದೀಪ ನಾ ಯಾಕ ದೊಡ್ಡದು ಮಾಡ್ಲಿ?’”

ಕಾಶೀಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅವತ್ತಿಗೆ ಆ ಮಾತು ನಮ್ಮ ಮನ್ಯಾಗ ಮುಗೀತು. ಕುಡುಕ ಅಂದ್ರೂ ಸುಮ್ಮನಿದ್ರು. ನೀ ಫೋಟೋ ತಗದಿಟ್ಟಾಗೂ ನಾ ಸುಮ್ಮನಿದ್ದೆ. ಕಳಿಸಿದಾಕಿ ನಾನ ಅಲ್ಲೇನು, ಯಾವ ಬಾಯಿಲೆ ಮಾತಾಡ್ಲಿ.”

ಮಹಾನಂದಾ ತಾಯಿಯ ಕೈ ಹಿಡಿದುಕೊಂಡಳು. ಕಡೆಗೆ ಕೇಳಿದಳು: “ಆ ಹುಡುಗಗ ಗೊತ್ತಾತೇನು ಮುಂದ?”

“ಗೊತ್ತಾಗದ ಏನು. ನಾಲ್ಕು ವರ್ಷದ ಮ್ಯಾಲೆ ಮದುವಿ ಆತು. ಹೊಸಾ ಹೆಂಡ್ತಿ, ದೇವರ ದೀಪ ದೊಡ್ಡದು ಮಾಡ್ರಿ ಅಂದಳಂತ. ಬತ್ತಿ ಏರಸಾಕ ಹೋದ್ನಂತ, ಆಕಿ ನಕ್ಕು ತಿಳಿಸಿ ಹೇಳಿದ್ಲಂತ. ಮರುದಿನ ಮುಂಜಾನೆ ನಮ್ಮ ಬಾಗಲದಾಗ ಬಂದು ನಿಂತಿದ್ದ. ನಿಮ್ಮಪ್ಪ ಒಳಗ ಕರದು ಕೂಡಿಸಿ, ಉಣ್ಣಾಕ ಹಾಕು ಅಂದ್ರು. ಅವತ್ತಿನಿಂದ ಎಳ್ಳಮಾಸಿ ತಪ್ಪಿಸಿಲ್ಲ.”

“ಹುಬ್ಬಳ್ಳಿ ಕಾಕಾ,” ಎಂದಳು ಮಹಾನಂದಾ.

ಮರುದಿನ ಅಪ್ಪನ ಫೋಟೋ ಗೋಡೆಗೆ ಬಂತು. ರೇವಣಸಿದ್ಧ ಮೊಳೆ ಹೊಡೆಯುತ್ತ, “ಮಾವಾರ, ಇನ್ನ ಸೀಟ್ ಬಿಟ್ಟು ಏಳಬ್ಯಾಡ್ರಿ,” ಎಂದ.

ಶಾಹೀನ್ ಕಥೆ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಮ್ಮ ನಾನಿ ದರ್ಗಾದಾಗ ಚಿರಾಗ್ ಬಢಾ ದೇ ಅಂತಿದ್ಲು. ಬಢಾ ಅಂದ್ರ ಹೆಚ್ಚು ಮಾಡು. ಆರಸೂದಕ್ಕ ನಾವೂ ಹಂಗ ಅಂತೀವಿ. ಇಷ್ಟು ದಿನ ಯಂತ್ರಾ ಹಿಡಕೊಂಡು ಕೂತೆ, ಒಂದು ಮಾತು ಕೇಳಲಿಲ್ಲ ನೋಡ್ರಿ ನಾ.”

ಅಪ್ಪ ಕೂತ ಜಾಗ ಗೊತ್ತಾಯಿತು, ಮುಖ ಯಾವ ಕಡೆಗಿತ್ತು ಗೊತ್ತಾಯಿತು. ಯಾವ ಚುಕ್ಕೆ ಕಿರಣದ್ದು, ಯಾವುದು ಬರಗಾಲದ್ದು ಎಂದು ಪರದೆಯ ಮೇಲೆ ಎರಡು ಬಣ್ಣವಾಗಿ ಬೇರೆಯಾಯಿತು. ಇನ್ನು ಕೂಡಿಸುವುದೊಂದೇ ಬಾಕಿ.

ಆ ದಿನ ಶಾಹೀನ್ ಗುಂಡಿಯ ಮೇಲೆ ಬೆರಳಿಟ್ಟು, “ಶುರು ಮಾಡ್ಲೇನ್ರಿ?” ಎಂದರು.

“ಇದು ಮುಗದ ಮ್ಯಾಲೆ ಆ ಶ್ರುತಿ ಇರಾಂಗಿಲ್ಲೇನು?”

“ಈ ಅಂಡಾಣುವಿನಾಗ ಇರಾಂಗಿಲ್ಲ. ಅದು ಇದ್ರ ಕೂಸು ಮುಂದ ಹೋಗಾಂಗಿಲ್ಲ.”

ಅಪ್ಪ ಸಿಕ್ಕಿ ಇನ್ನೂ ಎಂಟು ದಿನವಾಗಿರಲಿಲ್ಲ. ಇಷ್ಟು ವರ್ಷ ಶಪಿಸಿದ ಅಪ್ಪನ ಗುರುತನ್ನು, ಈಗ ಅದು ಏನೆಂದು ತಿಳಿದ ಮೇಲೆ, ತಾನೇ ಅಳಿಸು ಎನ್ನಬೇಕು. ಮಹಾನಂದಾ ಪಟ್ಟಿಯನ್ನು ಕಿವಿಗೆ ಹಾಕಿಕೊಂಡಳು. ತಂತಿ ಮಿಡಿಯುತ್ತಿತ್ತು. ಬಟ್ಟಲು ಹಿಡಿದ ಒಬ್ಬ ಗಂಡಸು, ಮಕ್ಕಳಿಲ್ಲದ ಹೆಂಡತಿಯ ಮಾತಿಗೆ ನಕ್ಕು, ಕಾಳು ಕಟ್ಟದ ಪೈರಿಗೆ ಉಣಿಸಲು ಸುತ್ತಿನಿಂದ ಸುತ್ತಿಗೆ ಇಳಿಯುತ್ತಿದ್ದ. ಅವನು ಕೇಳಿಕೊಂಡದ್ದು ಒಂದು ಕೂಸು. ಆ ಕೂಸು ತಾನು. ತನ್ನ ಕೂಸಿಗೆ ದಾರಿ ಬಿಟ್ಟುಕೊಡದೆ ಈ ಸದ್ದನ್ನು ಹಿಡಿದಿಟ್ಟುಕೊಂಡರೆ ಅಪ್ಪನೇ ಬೈದಾನು.

“ಆಗ್ಲಿ,” ಎಂದಳು.

ಶ್ರುತಿ ಸಣ್ಣಗಾಗುತ್ತ ಹೋಯಿತು. ಎಲ್ಲಿ ಮುಗಿಯಿತು ಎಂದು ಅವಳಿಗೆ ತಿಳಿಯಲಿಲ್ಲ. ಪಟ್ಟಿ ತೆಗೆದಿಟ್ಟ ಮೇಲೂ ಕಿವಿಯಲ್ಲಿ ಇದ್ದ ಹಾಗೇ ಇತ್ತು.

ಎಳ್ಳಮಾವಾಸ್ಯೆ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ನಿಂತ ಕೂಸು ಮೂರನೆಯ ತಿಂಗಳು ದಾಟಿತ್ತು. ದಾಟಿದ ದಿನ ರೇವಣಸಿದ್ಧ ಡ್ಯೂಟಿಯಲ್ಲಿದ್ದ. ಫೋನು ಬಂದದ್ದೇ ಬಸ್ಸಿನವರಿಗೆಲ್ಲ ಪೇಢೆ ಹಂಚಿದನಂತೆ, ನಾಲ್ಕು ಜನಕ್ಕೆ ಟಿಕೆಟ್ಟು ಕೊಡುವುದೇ ಮರೆತನಂತೆ. ಹಬ್ಬಕ್ಕೆ ಶಾಹೀನ್ ಹಳೆಯ ತೋಟದ ಗೇಟು ತೆಗೆಸಿದರು. ಬೋಳು ಕಂಬದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ದೀಪ ಹಚ್ಚಿದರು. ಹುಬ್ಬಳ್ಳಿ ಕಾಕಾ ಬಂದಿದ್ದರು. ಮಹಾನಂದಾ ಅವರ ಕಾಲಿಗೆ ಎರಗಿದಾಗ, ಅವಳಿಗೆ ಎಲ್ಲ ಗೊತ್ತಾಗಿದೆ ಎಂದು ಅವರಿಗೆ ತಿಳಿಯಿತು. ಅವಳ ತಲೆಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಚರಗದ ಬುಟ್ಟಿಯನ್ನು ಮಹಾನಂದಾಳೇ ಹೊತ್ತಳು. ರೇವಣಸಿದ್ಧ ಮುಂದೆ ನೀರು ಚಿಮುಕಿಸುತ್ತ ಚರಗದ ಕೂಗೆತ್ತಿ “ಹುಲ್ಲುಲ್ಲಿಗೋ” ಎಂದರೆ ಎಲ್ಲರೂ “ಚಲ್ಲಂಬರಿಗೋ” ಎಂದರು. ಹೊರಗಿನ ಸುತ್ತು, ನಡುವಿನ ಸುತ್ತು, ಕಡೆಗೆ ಗೊಡ್ಡು ಸುತ್ತು. ಅಲ್ಲಿ ಅವಳು ಕಂಬಕ್ಕೆ ಮುಖ ಮಾಡಿ ಕುಳಿತು ಒಂದು ತುತ್ತು ಮಣ್ಣಿಗಿಟ್ಟಳು, ಒಂದು ತುತ್ತು ತಾನುಂಡಳು.

ಹೊತ್ತು ಇಳಿಯಿತು. ಬುತ್ತಿ ಕಟ್ಟಿದರು, ಕಂಬಳಿ ಮಡಿಚಿದರು. ಒಣಗಿದ ಜೋಳದ ರವದಿಯ ನಡುವೆ ಉರಿಯುವ ದೀಪ ಬಿಟ್ಟು ಹೋಗುವಂತಿಲ್ಲ. ಕಾಶೀಬಾಯಿ ಅದನ್ನು ನೋಡಿದಳು. ಶಾಂತ ಮಾಡು ಎನ್ನಲು ಬಾಯಿ ತೆರೆದವಳು ತಡೆದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಮೂವತ್ತೈದು ವರ್ಷ ಮನೆಯೊಳಗೆ ಬಿಟ್ಟುಕೊಳ್ಳದ ಮಾತನ್ನು ಮೆತ್ತಗೆ ಆಡಿದಳು.

“ವಸಂತಾ, ದೀಪ ದೊಡ್ಡದು ಮಾಡಪಾ.”

ಹುಬ್ಬಳ್ಳಿ ಕಾಕಾ ನಿಂತಲ್ಲೇ ನಿಂತರು. ಅವರು ನಿಧಾನವಾಗಿ ಮಂಡಿಯೂರಿ, ಪೂಜೆಯ ಸೇವಂತಿಗೆಯಿಂದ ಒಂದು ಹೂ ತೆಗೆದುಕೊಂಡು, ಬತ್ತಿಯ ಕುಡಿಯ ಮೇಲೆ ಒತ್ತಿದರು. ಹೊಗೆಯ ಒಂದು ಎಳೆ ಎದ್ದು ಗಾಳಿಯಲ್ಲಿ ಹೋಯಿತು. ಕತ್ತಲಾದ ಮೇಲೂ ಹೂವನ್ನು ಹಾಗೇ ಒತ್ತಿ ಹಿಡಿದಿದ್ದು, ಪೂರಾ ಆರಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಮುಖವೆತ್ತಿದರು.

“ದೊಡ್ಡದಾತು, ವೈನಿ,” ಎಂದರು.